275 ಬಿಳಿ ಗರಿಗಳು

ತುಳುನಾಡಿನ ಕೋಳಿಕಟ್ಟದಲ್ಲಿ ಹುಂಜದ ಬಣ್ಣ ನೋಡದೆ ಯಾರೂ ಪಂಥ ಕಟ್ಟುವುದಿಲ್ಲ. ಬೊಳ್ಳೆ ಯಾವುದು, ಕೆಮ್ಮೈರೆ ಯಾವುದು, ಯಾವ ದಿನ ಯಾವ ಬಣ್ಣಕ್ಕೆ ಗೆಲುವು ಎಂದು ನೋಡುವುದಕ್ಕೆ ಕುಕ್ಕುಟ ಪಂಚಾಂಗವೇ ಇದೆ. ಇಂಗ್ಲೆಂಡಿನ ಹಳೆಯ ಕೋಳಿ ಅಂಕದವರಿಗೂ ಇಂಥದೇ ಒಂದು ನಂಬಿಕೆ ಇತ್ತು. ಹುಂಜದ ಬಾಲದಲ್ಲಿ ಬಿಳಿ ಗರಿ ಕಂಡಿತೋ, ಅದು ಒಳ್ಳೆಯ ತಳಿಯದಲ್ಲ, ಅಂಕದ ನಡುವೆ ಬೆನ್ನು ತೋರಿಸಿ ಓಡುತ್ತದೆ ಎಂದು ಲೆಕ್ಕ. ಅಲ್ಲಿನ ಸರ್ಕಾರ 1835ರಲ್ಲೇ ಕೋಳಿ ಅಂಕವನ್ನು ನಿಷೇಧಿಸಿತು. ಆಟ ಹೋದರೂ ಗರಿಯ ಮಾತು ಜನರ ಬಾಯಲ್ಲಿ ಉಳಿಯಿತು. 1902ರಲ್ಲಿ ಎ.ಇ.ಡಬ್ಲ್ಯು. ಮೇಸನ್ ಬರೆದ 'ದಿ ಫೋರ್ ಫೆದರ್ಸ್' ಕಾದಂಬರಿಯಲ್ಲಿ, ಪಡೆ ಯುದ್ಧಕ್ಕೆ ಹೊರಡುವ ಮುನ್ನ ರಾಜೀನಾಮೆ ಕೊಟ್ಟ ಅಧಿಕಾರಿಗೆ ಮೂವರು ಜೊತೆಗಾರರು ಮೂರು ಬಿಳಿ ಗರಿ ಕಳಿಸುತ್ತಾರೆ. ನಾಲ್ಕನೆಯದನ್ನು ಅವನ ಕೈಗಿಡುವವಳು ಅವನನ್ನು ಮದುವೆಯಾಗಬೇಕಿದ್ದ ಹುಡುಗಿ.

ಕಾದಂಬರಿಯ ಗರಿ ಬೀದಿಗೆ ಇಳಿಯಲು ಹನ್ನೆರಡು ವರ್ಷ ಸಾಕಾಯಿತು. 1914ರ ಆಗಸ್ಟ್ 30ರಂದು, ಮೊದಲ ಮಹಾಯುದ್ಧ ಶುರುವಾಗಿ ನಾಲ್ಕು ವಾರ ತುಂಬುವ ಮೊದಲೇ, ನಿವೃತ್ತ ನೌಕಾಧಿಕಾರಿ ಅಡ್ಮಿರಲ್ ಚಾರ್ಲ್ಸ್ ಫಿಟ್ಜ್‌ಜೆರಾಲ್ಡ್ ಫೋಕ್‌ಸ್ಟನ್ ಎಂಬ ಬಂದರು ಪಟ್ಟಣದಲ್ಲಿ ಮೂವತ್ತು ಹೆಂಗಸರನ್ನು ಸೇರಿಸಿ, ಸಮವಸ್ತ್ರ ತೊಡದೆ ಓಡಾಡುವ ಹರೆಯದ ಗಂಡಸರಿಗೆಲ್ಲ ಒಂದೊಂದು ಬಿಳಿ ಗರಿ ಹಂಚಲು ಕಳಿಸಿದ. ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಊರೂರಿಗೆ ಹಬ್ಬಿತು. ಟ್ರಾಮಿನಲ್ಲಿ, ಚಹಾದಂಗಡಿಯಲ್ಲಿ, ಚರ್ಚಿನ ಬಾಗಿಲಲ್ಲಿ ಗುರುತಿಲ್ಲದ ಹೆಣ್ಣುಮಗಳೊಬ್ಬಳು ಬಂದು ಕೋಟಿಗೆ ಗರಿ ಸಿಕ್ಕಿಸಿ ಹೋದರೆ, ಆ ಹುಡುಗ ತಲೆಯೆತ್ತಿ ಮನೆಗೆ ಹೋಗುವಂತಿರಲಿಲ್ಲ.

ಇದಾಗಿ ಹತ್ತೊಂಬತ್ತು ವರ್ಷ ತುಂಬುವ ಮೊದಲೇ, 1933ರ ಫೆಬ್ರುವರಿಯಲ್ಲಿ, ಆಕ್ಸ್‌ಫರ್ಡಿನ ವಿದ್ಯಾರ್ಥಿಗಳ ಚರ್ಚಾಕೂಟಕ್ಕೆ ಯಾರೋ ಹೆಸರು ಹಾಕದೆ ಒಂದು ಪೆಟ್ಟಿಗೆ ಕಳಿಸಿದರು. ಬಿಚ್ಚಿದರೆ ಒಳಗೆ 275 ಬಿಳಿ ಗರಿಗಳು. ಈ ಸಲ ಹುಡುಗರು ನಾಚಲಿಲ್ಲ. ಹಿಂದೆಯೇ ಇನ್ನೊಂದು ಪೆಟ್ಟಿಗೆ ಬಂದಾಗ ಕೂಟದ ಅಧ್ಯಕ್ಷ ಫ್ರಾಂಕ್ ಹಾರ್ಡಿ, ಈಗ ತಲೆಗೆ ಎರಡೆರಡು ಗರಿ ಸಿಗುತ್ತವೆ ಎಂದು ಸಾರಿಬಿಟ್ಟ.

ಅದೇ ದೇಶ, ಅದೇ ಗರಿ. ತಂದೆಯ ತಲೆಮಾರನ್ನು ಕಂದಕಕ್ಕೆ ಅಟ್ಟಿದ ವಸ್ತು ಮಕ್ಕಳ ತಲೆಮಾರಿಗೆ ನಗೆಪಾಟಲಾದದ್ದು ಹೇಗೆ?

ಸಾಲುಗಟ್ಟಿ ನಿಂತವರು

ಯುದ್ಧಕ್ಕೆ ಮುಂಚೆ ಬ್ರಿಟನ್ನಿನಲ್ಲಿ ಸಿಪಾಯಿ ಕೆಲಸಕ್ಕೆ ಮರ್ಯಾದೆ ಇತ್ತೆಂದು ಯಾರೂ ಹೇಳಲಾರರು. ಹೊಟ್ಟೆಗಿಲ್ಲದವನು, ಊರಲ್ಲಿ ಏನೋ ಮಾಡಿಕೊಂಡು ತಲೆತಪ್ಪಿಸಿಕೊಂಡವನು ಸೇರುವ ಜಾಗ ಅದೆಂದು ದುಡಿಯುವ ವರ್ಗದ ಮನೆಗಳಲ್ಲೂ ತಿಳಿವಳಿಕೆ ಇತ್ತು. 1877ರಲ್ಲಿ ವಿಲಿಯಂ ರಾಬರ್ಟ್‌ಸನ್ ಎಂಬ ಹುಡುಗ ಸಾಮಾನ್ಯ ಸಿಪಾಯಿಯಾಗಿ ಸೇರಿದಾಗ, ನಿನ್ನನ್ನು ಕೆಂಪು ಕೋಟಿನಲ್ಲಿ ನೋಡುವುದಕ್ಕಿಂತ ಮಣ್ಣು ಮಾಡುವುದೇ ಮೇಲು ಎಂದು ಅವನ ತಾಯಿ ಕಾಗದ ಬರೆದಿದ್ದಳು. ಆ ಮಗ ಮುಂದೆ ಫೀಲ್ಡ್ ಮಾರ್ಷಲ್ ಆದ. ಸಿಪಾಯಿಯಾಗಿ ಸೇರಿ ಆ ಹುದ್ದೆಗೇರಿದವನು ಬ್ರಿಟಿಷ್ ಸೇನೆಯಲ್ಲಿ ಅವನೊಬ್ಬನೇ.

ಯುರೋಪಿನ ದೊಡ್ಡ ದೇಶಗಳ ಪೈಕಿ ಕಡ್ಡಾಯ ಸೇನಾ ಸೇವೆ ಇಲ್ಲದಿದ್ದದ್ದು ಬ್ರಿಟನ್ನಿಗೆ ಮಾತ್ರ. ಜರ್ಮನಿ, ಫ್ರಾನ್ಸ್‌ಗಳು ಲಕ್ಷಗಟ್ಟಲೆ ಜನರನ್ನು ಕೆಲವೇ ದಿನಗಳಲ್ಲಿ ಕಣಕ್ಕಿಳಿಸಬಲ್ಲವಾಗಿದ್ದವು. ಬ್ರಿಟನ್ನಿನ ಕಾಯಂ ಸೇನೆ ಸುಮಾರು ಎರಡೂವರೆ ಲಕ್ಷದ್ದು, ಅದರಲ್ಲೂ ದೊಡ್ಡ ಪಾಲು ಭಾರತವೂ ಸೇರಿದಂತೆ ವಸಾಹತುಗಳ ಕಾವಲಿನಲ್ಲಿತ್ತು. ಆಗಸ್ಟ್ 5ರಂದು ಯುದ್ಧಮಂತ್ರಿಯಾದವನು ಲಾರ್ಡ್ ಕಿಚನರ್. ಕೆಲವೇ ವರ್ಷಗಳ ಹಿಂದೆ ಭಾರತದಲ್ಲಿ ದಂಡನಾಯಕನಾಗಿದ್ದುಕೊಂಡು ವೈಸ್‌ರಾಯ್ ಕರ್ಜನ್ನನ ಜೊತೆ ಜಟಾಪಟಿ ನಡೆಸಿದ್ದನಲ್ಲ, ಅದೇ ಕಿಚನರ್. ಎಲ್ಲರೂ ಕ್ರಿಸ್ಮಸ್ ಹೊತ್ತಿಗೆ ಯುದ್ಧ ಮುಗಿಯುತ್ತದೆ ಎನ್ನುತ್ತಿರುವಾಗ ಅವನು ಮೂರು ವರ್ಷದ ಲೆಕ್ಕ ಹಾಕಿದ. ಮೊದಲ ಕಂತಿನಲ್ಲಿ ಒಂದು ಲಕ್ಷ ಮಂದಿ ಬೇಕೆಂದು ಆಗಸ್ಟ್ 7ರಂದು ಕರೆ ಕೊಟ್ಟ.

ಜನ ಬಂದ ರಭಸಕ್ಕೆ ನೇಮಕಾತಿ ಕಚೇರಿಗಳ ಕೈಕಾಲೇ ಆಡಲಿಲ್ಲ. ಬೆಲ್ಜಿಯಂನಿಂದ ಬ್ರಿಟಿಷ್ ಪಡೆ ಹಿಂದೆ ಸರಿಯುತ್ತಿರುವ ಸುದ್ದಿ ಆಗಸ್ಟ್ ಕೊನೆಗೆ ಲಂಡನ್ ಮುಟ್ಟಿದ ಮೇಲಂತೂ ಸಾಲುಗಳು ಬೀದಿಯ ತುದಿ ದಾಟಿದವು. ಸೆಪ್ಟೆಂಬರ್ 3, ಒಂದೇ ದಿನ 33,204 ಮಂದಿ ಸೇರಿದರು. ಆ ಒಂದು ತಿಂಗಳ ಮೊತ್ತ ನಾಲ್ಕೂವರೆ ಲಕ್ಷ ದಾಟಿತು. ಬೆರಳು ಚಾಚಿದ ಕಿಚನರ್‌ನ ಚಿತ್ರ, ಮುಂದೆ ಎಷ್ಟೋ ದೇಶಗಳ ಪೋಸ್ಟರುಗಳಿಗೆ ಮೇಲ್ಪಂಕ್ತಿಯಾದ ಆಲ್‌ಫ್ರೆಡ್ ಲೀಟ್‌ನ ಚಿತ್ರ, ಪತ್ರಿಕೆಯೊಂದರ ಮುಖಪುಟದಲ್ಲಿ ಬಂದದ್ದು ಸೆಪ್ಟೆಂಬರ್ 5ಕ್ಕೆ. ಅಂದರೆ ದಾಖಲೆಯ ದಿನ ಕಳೆದು ಎರಡು ದಿನವಾಗಿತ್ತು. ಪೋಸ್ಟರ್ ನೋಡಿ ಜನ ಬಂದರೆಂದು ಈಗ ನಾವು ಹೇಳಿಕೊಳ್ಳುವ ಕಥೆಯನ್ನು ತಾರೀಕುಗಳೇ ಒಪ್ಪುವುದಿಲ್ಲ.

ಬಂದವರಲ್ಲಿ ದೇಶ, ದೊರೆ ಎಂದು ನಂಬಿ ಬಂದವರು ಬೇಕಾದಷ್ಟು. ಗಿರಣಿಯ ಸದ್ದು, ಗಣಿಯ ಕತ್ತಲೆಯಿಂದ ಒಮ್ಮೆ ಹೊರಬಿದ್ದರೆ ಸಾಕೆಂದು ಬಂದವರೂ ಕಡಿಮೆಯಿರಲಿಲ್ಲ. ದಿನಕ್ಕೆ ಒಂದು ಶಿಲ್ಲಿಂಗ್, ಹೊತ್ತುಹೊತ್ತಿಗೆ ಊಟ, ಮೈಮೇಲೆ ಬಟ್ಟೆ ಎಂಬುದು ಎಷ್ಟೋ ಮನೆಗಳಲ್ಲಿ ಸಣ್ಣ ಮಾತಾಗಿರಲಿಲ್ಲ. ವಿದೇಶದ ಕದನಕ್ಕೆ ಕಳಿಸಲು 19 ತುಂಬಿರಬೇಕೆಂಬ ನಿಯಮವಿತ್ತು. ವಯಸ್ಸು ಕಡಿಮೆ ಎಂದು ಬಾಯಿಬಿಟ್ಟ ಹುಡುಗನಿಗೆ ಸಾರ್ಜೆಂಟ್, ಹೋಗಿ ಒಂದು ಸುತ್ತು ಹಾಕಿ ಬಾ, ಬರುವಷ್ಟರಲ್ಲಿ ಹತ್ತೊಂಬತ್ತಾಗಿರಲಿ ಎಂದು ಕಣ್ಣು ಮಿಟುಕಿಸಿದ ಕಥೆಗಳು ಊರಿಗೊಂದರಂತೆ ಇವೆ. ಸಿಡ್ನಿ ಲೂಯಿಸ್ ಎಂಬ ಬಾಲಕ 1915ರಲ್ಲಿ ಸೇನೆ ಸೇರಿದಾಗ ಅವನಿಗೆ ಹನ್ನೆರಡು ವರ್ಷ. ಹದಿಮೂರನೆಯ ವಯಸ್ಸಿನಲ್ಲಿ ಅವನು ಫ್ರಾನ್ಸಿನ ಸೊಮ್ ರಣರಂಗದಲ್ಲಿದ್ದ. ತಾಯಿ ಜನನ ಪತ್ರ ಕಳಿಸಿದ ಮೇಲೆ ಅವನನ್ನು ಮನೆಗೆ ಕಳಿಸಿದರು.

ಆ ದಿನಗಳ ಹುರುಪಿನ ಸದ್ದು ಕನ್ನಡದ ಕಿವಿಗೂ ಬಿದ್ದಿದೆ. 1914ರ ಆಗಸ್ಟಿನಲ್ಲಿ ಫ್ರಾನ್ಸಿನ ಬಂದರಿನಲ್ಲಿ ಇಳಿದ ಸಿಪಾಯಿಗಳು ಹಾಡುತ್ತಾ ನಡೆದ 'ಟಿಪ್ಪರೆರಿ' ಹಾಡಿನ ಧಾಟಿಗೇ ನಮ್ಮ ಟಿ.ಪಿ. ಕೈಲಾಸಂ ತಿಪ್ಪಾರಳ್ಳಿಯ ಹಾಡು ಕಟ್ಟಿದರು. ಭೂವಿಜ್ಞಾನ ಓದಲು ಹೋದ ಕೈಲಾಸಂ ಯುದ್ಧ ಶುರುವಾದಾಗ ಲಂಡನ್ನಿನಲ್ಲೇ ಇದ್ದವರು. ನಾವು ನಗುತ್ತಾ ಹಾಡುವ ಆ ಧಾಟಿಗೆ ಹೆಜ್ಜೆ ಹಾಕಿ ಹೋದವರಲ್ಲಿ ತುಂಬ ಜನ ಊರು ಮುಟ್ಟಲಿಲ್ಲ.

ಒಂದೇ ಬೀದಿಯ ಬೆಟಾಲಿಯನ್

ನೇಮಕಾತಿಯ ಇತಿಹಾಸದಲ್ಲೇ ಅತ್ಯಂತ ಜಾಣ ಉಪಾಯವೂ ಅತ್ಯಂತ ಕ್ರೂರ ಉಪಾಯವೂ ಒಂದೇ ಇರಬಹುದು. 1914ರ ಆಗಸ್ಟ್ 28ರಂದು ಲಿವರ್‌ಪೂಲಿನಲ್ಲಿ ಲಾರ್ಡ್ ಡರ್ಬಿ ಅಲ್ಲಿನ ಗುಮಾಸ್ತರನ್ನು ಸೇರಿಸಿ ಒಂದು ಮಾತು ಕೊಟ್ಟ: ಜೊತೆಯಾಗಿ ಸೇರಿದವರನ್ನು ಜೊತೆಯಾಗಿಯೇ ಇಡುತ್ತೇವೆ. ಒಂದೇ ಕಚೇರಿಯಲ್ಲಿ ಕೂರುವವರು, ಒಂದೇ ಶಾಲೆಯಲ್ಲಿ ಓದಿದವರು, ಒಂದೇ ಮೈದಾನದಲ್ಲಿ ಕಾಲ್ಚೆಂಡು ಆಡುವವರು ಒಂದೇ ಬೆಟಾಲಿಯನ್ನಿನಲ್ಲಿ ಇರಬಹುದು. 'ಪ್ಯಾಲ್ಸ್' ಎಂಬ ಹೆಸರು ಅಲ್ಲಿಂದ ಹುಟ್ಟಿತು. ಗೆಳೆಯರ ಪಡೆ. ಯಾರನ್ನೋ ನಂಬಿ ಹೋಗುವುದಕ್ಕಿಂತ ಪಕ್ಕದ ಮನೆಯವನ ಹೆಗಲ ಮೇಲೆ ಕೈಹಾಕಿ ಹೋಗುವುದು ಸುಲಭ. ಗೆಳೆಯರೆಲ್ಲ ಹೋದ ಮೇಲೆ ಒಬ್ಬನೇ ಉಳಿಯುವುದು ಕಷ್ಟ. ಲೀಡ್ಸ್, ಬ್ರಾಡ್‌ಫರ್ಡ್, ಶೆಫೀಲ್ಡ್, ಹಲ್ ಎಂದು ಊರುಗಳು ಪೈಪೋಟಿಗೆ ಬಿದ್ದವು. ಎಡಿನ್‌ಬರೋದಲ್ಲಿ ಲೀಗಿನ ಮುಂಚೂಣಿಯಲ್ಲಿದ್ದ ಹಾರ್ಟ್ಸ್ ಕಾಲ್ಚೆಂಡು ತಂಡದ ಆಟಗಾರರೇ ಬೆಟಾಲಿಯನ್ ಸೇರಿದರು, ಅವರ ಹಿಂದೆ ಅಭಿಮಾನಿಗಳೂ ಸೇರಿದರು. ಐದಡಿ ಮೂರಂಗುಲಕ್ಕಿಂತ ಕುಳ್ಳಗಿದ್ದಾರೆಂದು ವಾಪಸು ಕಳಿಸಿದವರು ಗಲಾಟೆ ಮಾಡಿದ್ದಕ್ಕೆ ಬರ್ಕನ್‌ಹೆಡ್‌ನಲ್ಲಿ ಕುಳ್ಳರದೇ ಪಡೆ ಎದ್ದಿತು.

ಲಂಕಾಷೈರಿನ ಅಕ್ರಿಂಗ್ಟನ್ ನೂಲಿನ ಗಿರಣಿಗಳ, ಕೆಂಪು ಇಟ್ಟಿಗೆಯ ಸಣ್ಣ ಪಟ್ಟಣ. ಅಲ್ಲಿನ ಮೇಯರ್ ಒಂದು ಇಡೀ ಬೆಟಾಲಿಯನ್ ಕೊಡುತ್ತೇನೆಂದು ಒಪ್ಪಿಕೊಂಡಾಗ ಅಷ್ಟು ಸಣ್ಣ ಊರು ಆ ಹೊರೆ ಹೊರುವುದೇ ಎಂದು ಹುಬ್ಬೇರಿಸಿದವರಿದ್ದರು. ಹತ್ತೇ ದಿನದಲ್ಲಿ ಪಡೆ ತುಂಬಿತು. ಆ ಬೇಸಿಗೆಯಲ್ಲಿ ಅಲ್ಲಿನ ಯಂತ್ರ ತಯಾರಿಕೆಯ ದೊಡ್ಡ ಕಾರ್ಖಾನೆಗೆ ಬೀಗ ಬಿದ್ದು ಸಾವಿರಾರು ಕೈಗಳು ಖಾಲಿ ಕುಳಿತಿದ್ದವು ಎಂಬುದನ್ನೂ ಇದರ ಜೊತೆಗೇ ಹೇಳಬೇಕು.

ಈ ಪಡೆಗಳು ತರಬೇತಿ ಮುಗಿಸಿ ನಿಜವಾದ ಕದನ ಕಂಡದ್ದು 1916ರ ಜುಲೈ 1ರ ಬೆಳಿಗ್ಗೆ, ಫ್ರಾನ್ಸಿನ ಸೊಮ್ ನದಿಯ ಸೀಮೆಯಲ್ಲಿ. ಒಂದು ವಾರ ಎಡೆಬಿಡದೆ ತೋಪು ಹಾರಿಸಿದ್ದೇವೆ, ಎದುರಿನ ಕಂದಕದಲ್ಲಿ ಇಲಿಯೂ ಉಳಿದಿಲ್ಲ, ನಡೆದೇ ಹೋಗಬಹುದು ಎಂದು ಹುಡುಗರಿಗೆ ಹೇಳಲಾಗಿತ್ತು. ಕ್ಯಾಪ್ಟನ್ ನೆವಿಲ್ ಎಂಬ ಯುವ ಅಧಿಕಾರಿ ತನ್ನವರಿಗೆ ಧೈರ್ಯ ಬರಲೆಂದು ಕಾಲ್ಚೆಂಡುಗಳನ್ನು ತಂದುಕೊಟ್ಟಿದ್ದ. ಅವನ್ನು ಒದೆಯುತ್ತಾ ಮುಂದೆ ಹೋಗಬೇಕೆಂದು. ಅವನು ಶತ್ರುವಿನ ತಂತಿ ಬೇಲಿಯ ಹತ್ತಿರ ಸತ್ತುಬಿದ್ದ. ಜರ್ಮನರ ಮಷಿನ್‌ಗನ್ನುಗಳು ನೆಲದಾಳದಲ್ಲಿ ಸುರಕ್ಷಿತವಾಗಿದ್ದವು. ಸಂಜೆಯ ಹೊತ್ತಿಗೆ ಬ್ರಿಟಿಷ್ ಸೇನೆಯಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಒಟ್ಟು 57,470. ಅವರಲ್ಲಿ ಪ್ರಾಣ ಬಿಟ್ಟವರು 19,240.

ಸೆರ್ ಎಂಬ ಹಳ್ಳಿಯತ್ತ ನುಗ್ಗಿದ ಅಕ್ರಿಂಗ್ಟನ್ನಿನವರು ಸುಮಾರು 720 ಮಂದಿ. ಅರ್ಧ ಗಂಟೆ ಕಳೆಯುವಷ್ಟರಲ್ಲಿ 584 ಮಂದಿ ಸತ್ತಿದ್ದರು, ಇಲ್ಲವೇ ಗಾಯಗೊಂಡಿದ್ದರು, ಇಲ್ಲವೇ ಪತ್ತೆಯಿಲ್ಲದಾಗಿದ್ದರು. ಪತ್ರಿಕೆಗಳು ಮೊದಲು ಬರೆದದ್ದು ವಿಜಯದ ಸುದ್ದಿ. ಆಮೇಲೆ ಆಸ್ಪತ್ರೆಗಳಿಂದ ಕಾಗದಗಳು ಬಂದವು, ರೈಲಿನಲ್ಲಿ ಗಾಳಿಮಾತು ಬಂತು. ನಿಜ ಏನೆಂದು ಹೇಳಿ ಎಂದು ಊರಿನ ಹೆಂಗಸರು ಮೇಯರ್ ಮನೆಯನ್ನೇ ಮುತ್ತಿದರು. ಒಂದೇ ಬೀದಿಯ ಮನೆಮನೆಯ ಕಿಟಕಿಗೂ ಸೂತಕದ ಪರದೆ ಇಳಿಯಿತು. ಜೊತೆಯಾಗಿಯೇ ಇಡುತ್ತೇವೆಂದು ಕೊಟ್ಟ ಮಾತು ನೆರವೇರಿದ್ದು ಹಾಗೆ.

ಕರೆ ಹೋಗಿ ಕಾಯಿದೆ ಬಂತು

ಸೊಮ್‌ಗಿಂತ ಮುಂಚೆಯೇ ಸ್ವಯಂಸೇವಕರ ಹೊಳೆ ಬತ್ತಿತ್ತು. 1914ರ ಸೆಪ್ಟೆಂಬರಿನಲ್ಲಿ ನಾಲ್ಕೂವರೆ ಲಕ್ಷ ದಾಟಿದ್ದ ತಿಂಗಳ ಭರ್ತಿ ಡಿಸೆಂಬರಿಗೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಗಾಯಾಳುಗಳ ರೈಲುಗಳು ಬರತೊಡಗಿದ್ದವು. ಆಗಲೇ ನಾಚಿಕೆಯನ್ನು ಗಟ್ಟಿಯಾಗಿ ಬಳಸಲು ಹೊರಟರು. ಮಗಳು ತೊಡೆಯೇರಿ, ಅಪ್ಪಾ, ಯುದ್ಧದಲ್ಲಿ ನೀನೇನು ಮಾಡಿದೆ ಎಂದು ಕೇಳುವ 1915ರ ಪೋಸ್ಟರ್ ಆ ಹೊತ್ತಿನದು. ಬಿಳಿ ಗರಿಯ ಹೆಂಗಸರೂ ಬಿಡುವಿಲ್ಲದೆ ದುಡಿದರು. ಗಾಯಗೊಂಡು ಸೇನೆಯಿಂದ ಬಿಡುಗಡೆಯಾದವರು, ರಜೆಯ ಮೇಲೆ ಮಾಮೂಲಿ ಬಟ್ಟೆಯಲ್ಲಿ ತಿರುಗುತ್ತಿದ್ದವರು, ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರು ಎಲ್ಲರಿಗೂ ಗರಿ ಸಿಕ್ಕಿತು. ಗಲಿಪೊಲಿ ಕದನದ ಸಾಹಸಕ್ಕಾಗಿ ವಿಕ್ಟೋರಿಯಾ ಕ್ರಾಸ್ ಶೌರ್ಯಪದಕ ಪಡೆದ ನಾವಿಕ ಜಾರ್ಜ್ ಸ್ಯಾಮ್ಸನ್‌ಗೂ ಗರಿ ಕೊಟ್ಟರೆಂಬ ಕಥೆ ಪ್ರಸಿದ್ಧ. ಅವನು ಆಗ ತನ್ನದೇ ಸನ್ಮಾನ ಸಮಾರಂಭಕ್ಕೆ ಹೊರಟಿದ್ದನಂತೆ. ಕೊನೆಗೆ ಸರ್ಕಾರವೇ 1916ರಲ್ಲಿ ಬಿಡುಗಡೆಯಾದ ಸಿಪಾಯಿಗಳಿಗೆ ಎದೆಗೆ ಸಿಕ್ಕಿಸಿಕೊಳ್ಳಲು ಬೆಳ್ಳಿಯ ಬಿಲ್ಲೆ ಕೊಡಬೇಕಾಯಿತು.

ನಾಚಿಕೆಯಿಂದಲೂ ಲೆಕ್ಕ ತುಂಬಲಿಲ್ಲ. 1916ರ ಜನವರಿ ಕೊನೆಗೆ ಸೇನಾ ಸೇವಾ ಕಾಯಿದೆ ಅಂಗೀಕಾರವಾಗಿ, 18ರಿಂದ 41ರ ನಡುವಿನ ಅವಿವಾಹಿತರನ್ನೆಲ್ಲ ಸೇನೆಗೆ ಸೇರಿದವರೆಂದೇ ಪರಿಗಣಿಸಲಾಯಿತು. ಮೇ ತಿಂಗಳಲ್ಲಿ ಮದುವೆಯಾದವರನ್ನೂ ಸೇರಿಸಿದರು. ಅಷ್ಟರೊಳಗೆ ತಾವಾಗಿಯೇ ಬಂದವರು ಸುಮಾರು 25 ಲಕ್ಷ.

ಆ ಕಾಯಿದೆಯಲ್ಲೊಂದು ಕಿಂಡಿಯಿತ್ತು: ಆತ್ಮಸಾಕ್ಷಿ ಒಪ್ಪದವನು ಪಂಚಾಯ್ತಿಯಂಥ ಒಂದು ಮಂಡಳಿಯ ಮುಂದೆ ವಿನಾಯಿತಿ ಕೇಳಬಹುದು. ಕ್ವೇಕರ್ ಎಂಬ ಕ್ರೈಸ್ತ ಪಂಥದವರು, ಸಮಾಜವಾದಿಗಳು, ಯಾವ ಪಂಥಕ್ಕೂ ಸೇರದವರು ಸೇರಿ ಸುಮಾರು 16,000 ಮಂದಿ ಕೇಳಿದರು. ಮಂಡಳಿಯಲ್ಲಿ ಕೂತವರು ಊರಿನ ಹಿರಿಯರು, ವ್ಯಾಪಾರಸ್ಥರು, ಸೇನೆಯ ಒಬ್ಬ ಪ್ರತಿನಿಧಿ. ಜರ್ಮನನೊಬ್ಬ ನಿನ್ನ ಅಕ್ಕತಂಗಿಯ ಮೈಮೇಲೆ ಬಿದ್ದರೆ ಏನು ಮಾಡುವೆ ಎಂಬುದು ಅವರ ಮಾಮೂಲಿ ಪ್ರಶ್ನೆ. ಸುಮಾರು 6,000 ಮಂದಿ ಜೈಲು ಕಂಡರು. ಕೆಲವರನ್ನು ಬಲವಂತವಾಗಿ ಫ್ರಾನ್ಸಿಗೆ ಸಾಗಿಸಿ, ಅಲ್ಲಿ ಆಜ್ಞೆ ಮೀರಿದರೆಂದು 35 ಮಂದಿಗೆ ಮರಣದಂಡನೆ ವಿಧಿಸಿದರು. ತೀರ್ಪು ಓದಿದ ಮೇಲೆ ಒಂದು ಕ್ಷಣ ತಡೆದು, ಅದನ್ನು ಹತ್ತು ವರ್ಷದ ಕಠಿಣ ಸಜೆಗೆ ಇಳಿಸಿದೆ ಎಂದರು. ಯುದ್ಧ ಮುಗಿದ ಮೇಲೂ ಇಂಥವರ ಮತದ ಹಕ್ಕನ್ನು ಐದು ವರ್ಷ ಕಿತ್ತುಕೊಂಡರು. ಗಣಿತಜ್ಞ, ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಇವರ ಪರ ಬರೆದದ್ದಕ್ಕೆ ದಂಡ ತೆತ್ತು, ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನ ಕೆಲಸ ಕಳೆದುಕೊಂಡ.

ಖೇಡಾದಲ್ಲಿ ಸಿಗದ ಗಾಡಿ

ಈ ಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೊರದೇಶಗಳಿಗೆ ಹೋದರು, 74,000ಕ್ಕೂ ಹೆಚ್ಚು ಮಂದಿ ಮರಳಲಿಲ್ಲ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಜೋಧಪುರದವರ ಜೊತೆ ಸೇರಿ ಕುದುರೆಯ ಮೇಲೆ ನುಗ್ಗಿ ಗೆದ್ದವರು ನಮ್ಮ ಮೈಸೂರು ಲ್ಯಾನ್ಸರ್ಸ್. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಬೆಂಗಳೂರಿನಲ್ಲೂ ಆ ಪಡೆಯ ಸ್ಮಾರಕವಿದೆ. ಅವರು ಮೊದಲಿನಿಂದ ಸಂಸ್ಥಾನದ ಕುದುರೆ ಪಡೆಯವರು, ಬಿಳಿ ಗರಿಗೆ ಹೆದರಿ ಹೊರಟವರಲ್ಲ.

ನೇಮಕಾತಿಗೆ ನಂಬಿಕೆ ಎಷ್ಟು ಬೇಕು ಎಂಬುದಕ್ಕೆ ನಮ್ಮಲ್ಲೇ ಒಂದು ಪ್ರಸಂಗ ನಡೆದಿದೆ. ಅದರ ನಾಯಕ ಬೇರೆ ಯಾರೂ ಅಲ್ಲ, ಗಾಂಧೀಜಿ. 1918ರ ಏಪ್ರಿಲ್‌ನಲ್ಲಿ ವೈಸ್‌ರಾಯ್ ಕರೆದ ಸಭೆಯಲ್ಲಿ ಯುದ್ಧಕ್ಕೆ ಬೆಂಬಲ ಸೂಚಿಸಿದ ಅವರು, ಸೈನಿಕರನ್ನು ಸೇರಿಸಲೆಂದು ಗುಜರಾತಿನ ಖೇಡಾ ಜಿಲ್ಲೆಗೆ ಹೋದರು. ಕೆಲವೇ ತಿಂಗಳ ಹಿಂದೆ ಕಂದಾಯದ ಸತ್ಯಾಗ್ರಹ ನಡೆದ ಸೀಮೆ ಅದು. ಆಗ ರೈತರು ದುಡ್ಡು ಮುಟ್ಟದೆ ಗಾಡಿ ಕೊಟ್ಟಿದ್ದರು, ಒಬ್ಬ ಸ್ವಯಂಸೇವಕ ಬೇಕೆಂದರೆ ಇಬ್ಬರು ಬಂದಿದ್ದರು. ಈಗ ಬಾಡಿಗೆ ಕೊಡುತ್ತೇನೆಂದರೂ ಗಾಡಿಯಿಲ್ಲ. ಗಾಂಧೀಜಿಯೂ ಜೊತೆಗಾರರೂ ಬುತ್ತಿ ಕಟ್ಟಿಕೊಂಡು ದಿನಕ್ಕೆ ಇಪ್ಪತ್ತು ಮೈಲಿಯಷ್ಟು ನಡೆದರು. ಸರ್ಕಾರ ನಮಗೇನು ಮಾಡಿದೆಯೆಂದು ಅದಕ್ಕಾಗಿ ಸಾಯಬೇಕು ಎಂಬುದು ಹಳ್ಳಿಯವರ ಪ್ರಶ್ನೆ, ಅಹಿಂಸೆ ಹೇಳುವ ನೀವೇ ಕೋವಿ ಹಿಡಿಯಿರೆನ್ನುವುದೇ ಎಂಬುದು ಇನ್ನೊಂದು. ಕೊನೆಗೆ ಗಾಂಧೀಜಿ ಕಾಯಿಲೆ ಬಿದ್ದು ಸಾವಿನ ಬಾಗಿಲಿಗೆ ಹೋಗಿ ಬಂದರು. ಇದನ್ನೆಲ್ಲ ಅವರೇ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಕರೆದವರು ಗಾಂಧಿಯೇ ಆದರೂ, ಯಾರ ಪರವಾಗಿ ಕರೆಯುತ್ತಿದ್ದಾರೆ ಎಂಬುದನ್ನು ಖೇಡಾದ ರೈತ ನೋಡಿದ.

ಸತ್ತವರ ಹೆಸರಿನ ಮುಂದೆ ಹಾದುಹೋದವರು

ಯುದ್ಧದಿಂದ ಮರಳುವವರಿಗೆ ವೀರರು ಬಾಳಲು ತಕ್ಕ ನಾಡು ಕಟ್ಟಿಕೊಡುತ್ತೇವೆಂದು ಪ್ರಧಾನಿ ಲಾಯ್ಡ್ ಜಾರ್ಜ್ 1918ರ ಕೊನೆಗೆ ಭರವಸೆ ಕೊಟ್ಟಿದ್ದ. 1921ರ ಬೇಸಿಗೆಗೆ ಬ್ರಿಟನ್ನಿನಲ್ಲಿ ನಿರುದ್ಯೋಗಿಗಳು ಇಪ್ಪತ್ತು ಲಕ್ಷ. ಎದೆಯ ಮೇಲೆ ಪದಕ ಹಾಕಿಕೊಂಡವರು ಲಂಡನ್ನಿನ ಬೀದಿ ಬದಿಯಲ್ಲಿ ಬೆಂಕಿಪೊಟ್ಟಣ ಮಾರುತ್ತಿದ್ದರು.

ಮೊದಲ ಹತ್ತು ವರ್ಷ ಬದುಕಿ ಬಂದವರು ಹೆಚ್ಚು ಮಾತಾಡಲಿಲ್ಲ. ಆಮೇಲೆ ಕಟ್ಟೆ ಒಡೆದಂತೆ ಪುಸ್ತಕಗಳು ಬಂದವು. 1928ರ ಕೊನೆಗೆ ಶೆರಿಫ್‌ನ 'ಜರ್ನೀಸ್ ಎಂಡ್' ನಾಟಕ, 1929ರಲ್ಲಿ ರಾಬರ್ಟ್ ಗ್ರೇವ್ಸ್‌ನ ಆತ್ಮಕಥೆ, ಅದೇ ವರ್ಷ ಜರ್ಮನಿಯ ರೆಮಾರ್ಕ್‌ನ ಪಶ್ಚಿಮ ರಣರಂಗದ ಕಾದಂಬರಿ. ಎದುರು ಕಂದಕದವನಿಗೂ ನಮ್ಮವರಷ್ಟೇ ಹಸಿವು, ಹೇನು, ಭಯ ಇದ್ದವೆಂದು ಇಂಗ್ಲಿಷ್ ಓದುಗ ಮೊದಲ ಬಾರಿಗೆ ಹತ್ತಿರದಿಂದ ಕಂಡ. ಮದುವೆಯಾಗಬೇಕಿದ್ದವನನ್ನೂ ಒಡಹುಟ್ಟಿದ ತಮ್ಮನನ್ನೂ ಕಳೆದುಕೊಂಡ ವೇರಾ ಬ್ರಿಟನ್ ತನ್ನ ಯೌವನದ ಕಥೆ ಪ್ರಕಟಿಸಿದ್ದು 1933ರಲ್ಲಿ.

ಇಂಥ ಪುಸ್ತಕಗಳನ್ನು ಓದುತ್ತಾ ಬೆಳೆದ ಹುಡುಗರು ಆಕ್ಸ್‌ಫರ್ಡಿಗೆ ಬಂದರು. ಆ ವಿಶ್ವವಿದ್ಯಾಲಯದವರು ಸುಮಾರು 2,700 ಮಂದಿ ಯುದ್ಧದಲ್ಲಿ ಸತ್ತಿದ್ದರು. ಕಾಲೇಜು ಕಾಲೇಜಿನ ಗೋಡೆಯ ಮೇಲೂ ಅವರ ಹೆಸರುಗಳು. 1914ರ ಆಜುಬಾಜಿನಲ್ಲಿ ಹುಟ್ಟಿದ ಈ ಹುಡುಗರು ದಿನಾ ಆ ಹೆಸರುಗಳ ಮುಂದೆ ಹಾದುಹೋಗುತ್ತಿದ್ದರು. ಅವರಲ್ಲಿ ಎಷ್ಟೋ ಜನರಿಗೆ ತಂದೆ ಎಂದರೆ ಗೋಡೆಯ ಮೇಲಿನ ಒಂದು ಫೋಟೊ.

1933ರ ಫೆಬ್ರುವರಿ 9. ಹಿಟ್ಲರ್ ಜರ್ಮನಿಯ ಚಾನ್ಸೆಲರ್ ಆಗಿ ಹತ್ತು ದಿನ. ಆಕ್ಸ್‌ಫರ್ಡ್ ಯೂನಿಯನ್‌ನಲ್ಲಿ ಆ ಗುರುವಾರದ ಚರ್ಚೆಯ ವಿಷಯ: ಈ ಸಭೆ ಯಾವ ಪರಿಸ್ಥಿತಿಯಲ್ಲೂ ದೊರೆಗಾಗಿ, ದೇಶಕ್ಕಾಗಿ ಹೋರಾಡುವುದಿಲ್ಲ. ಗೊತ್ತುವಳಿ ಮಂಡಿಸಿದವನು ಕೆನೆಲ್ಮ್ ಡಿಗ್ಬಿ ಎಂಬ ವಿದ್ಯಾರ್ಥಿ. ಅತಿಥಿಯಾಗಿ ಬಂದ ತತ್ತ್ವಶಾಸ್ತ್ರದ ಮೇಷ್ಟ್ರು ಸಿ.ಇ.ಎಂ. ಜೋಡ್ ಅದರ ಪರ ಮಾತಾಡಿದ. ಮುಂದೆ ದೊಡ್ಡ ಮಂತ್ರಿಯಾಗಲಿದ್ದ ಕ್ವಿಂಟಿನ್ ಹಾಗ್ ವಿರೋಧಿಸಿದ. ಪರವಾಗಿ 275 ಮತ, ವಿರುದ್ಧ 153.

ವಿದ್ಯಾರ್ಥಿಗಳ ಒಂದು ಸಂಜೆಯ ಚರ್ಚೆಯಾಗಿ ಮುಗಿಯಬೇಕಿದ್ದದ್ದು ಪತ್ರಿಕೆಗಳ ಕೈಗೆ ಸಿಕ್ಕು ದೇಶದ ಮಾನದ ಪ್ರಶ್ನೆಯಾಯಿತು. ಗರಿಗಳ ಪೆಟ್ಟಿಗೆ ಬಂದದ್ದು ಆಗಲೇ. ಗುಂಪೊಂದು ನುಗ್ಗಿ ನಡವಳಿ ಪುಸ್ತಕದ ಆ ಹಾಳೆಯನ್ನೇ ಹರಿದುಹಾಕಿತು. ವಿನ್‌ಸ್ಟನ್ ಚರ್ಚಿಲ್‌ನ ಮಗ ರಾಂಡಾಲ್ಫ್ ಮಾರ್ಚಿನಲ್ಲಿ ಬಂದು, ಗೊತ್ತುವಳಿಯನ್ನು ದಾಖಲೆಯಿಂದ ಅಳಿಸಬೇಕೆಂದು ಪಟ್ಟುಹಿಡಿದ. ಹಿರಿಯರು ಹೇಳಿದ ಮೇಲೆ ಹುಡುಗರು ಬಗ್ಗುತ್ತಾರೆ ಎಂದುಕೊಂಡಿದ್ದನೇನೋ. 138ಕ್ಕೆ 750 ಮತಗಳಿಂದ ಸೋತ. ಮ್ಯಾಂಚೆಸ್ಟರ್, ಗ್ಲಾಸ್ಗೋ ವಿದ್ಯಾರ್ಥಿಗಳೂ ಆಕ್ಸ್‌ಫರ್ಡಿನ ಹಾದಿ ಹಿಡಿದರು.

ಹಗುರವಾಗಿ ಹೇಳಿ ಮರೆಯುವ ಮಾತಾಗಿರಲಿಲ್ಲ ಅದು. 1934ರ ಅಕ್ಟೋಬರಿನಲ್ಲಿ, ಹಿಂದೆ ಸೇನೆಯಲ್ಲಿ ಪಾದ್ರಿಯಾಗಿದ್ದ ಡಿಕ್ ಶೆಪರ್ಡ್, ಇನ್ನೆಂದೂ ಯುದ್ಧ ಬೆಂಬಲಿಸೆನು ಎನ್ನುವ ಗಂಡಸರು ತನಗೊಂದು ಪೋಸ್ಟ್‌ಕಾರ್ಡ್ ಬರೆಯಿರಿ ಎಂದು ಪತ್ರಿಕೆಯಲ್ಲಿ ಕೇಳಿಕೊಂಡ. ಅಂಚೆಯವರು ಮೂಟೆಗಟ್ಟಲೆ ಹೊತ್ತು ತಂದರು. ಅದರಿಂದ ಹುಟ್ಟಿದ ಪೀಸ್ ಪ್ಲೆಜ್ ಯೂನಿಯನ್‌ನ ಸದಸ್ಯರ ಸಂಖ್ಯೆ ಒಂದು ಲಕ್ಷ ದಾಟಿತು.

ಜೂಲಿಯನ್ ಬೆಲ್‌ನ ದಾರಿ

ಈ ತಲೆಮಾರಿನ ಒಳಗೇ ಎದ್ದ ಬಿರುಕು ಒಬ್ಬನೇ ಹುಡುಗನ ಬದುಕಿನಲ್ಲಿ ಕಾಣುತ್ತದೆ. ಜೂಲಿಯನ್ ಬೆಲ್ ಲೇಖಕಿ ವರ್ಜಿನಿಯಾ ವುಲ್ಫ್‌ಳ ಅಕ್ಕನ ಮಗ. ತಂದೆ ಕ್ಲೈವ್ ಬೆಲ್ ಮೊದಲ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದವನು. ಮನೆಗೆ ಬಂದು ಹೋಗುವವರಲ್ಲಿ ಹೆಚ್ಚಿನವರು ಕೋವಿ ಮುಟ್ಟಲು ಒಪ್ಪದವರೇ. ಮೊದಲ ಯುದ್ಧಕ್ಕೆ ಹೋಗಲು ನಿರಾಕರಿಸಿದವರ ನೆನಪುಗಳನ್ನೆಲ್ಲ ಕಲೆಹಾಕಿ 1935ರಲ್ಲಿ 'ವಿ ಡಿಡ್ ನಾಟ್ ಫೈಟ್' ಎಂಬ ಪುಸ್ತಕ ತಂದವನು ಇದೇ ಜೂಲಿಯನ್.

ಮರುವರ್ಷ ಸ್ಪೇನಿನಲ್ಲಿ ಚುನಾಯಿತ ಸರ್ಕಾರದ ಮೇಲೆ ಜನರಲ್ ಫ್ರಾಂಕೊ ದಂಡೆತ್ತಿದ. ಹಿಟ್ಲರ್, ಮುಸೊಲಿನಿ ಅವನ ಬೆನ್ನಿಗೆ ನಿಂತರು. ಬ್ರಿಟನ್ ಸರ್ಕಾರ ನಮಗೇಕೆ ಎಂದು ಕೈಕಟ್ಟಿ ಕುಳಿತಿತು. ಯಾರೂ ಗರಿ ಕೊಡದೆ, ಪೋಸ್ಟರ್ ಅಂಟಿಸದೆ, ಸರ್ಕಾರ ಬೇಡವೆಂದರೂ ಕೇಳದೆ ಬ್ರಿಟನ್ ಮತ್ತು ಐರ್ಲೆಂಡಿನಿಂದ ಸುಮಾರು 2,500 ಮಂದಿ ಸ್ಪೇನಿಗೆ ಹೋದರು. ಗಣಿ ಕಾರ್ಮಿಕರು, ಗುಮಾಸ್ತರು, ಕವಿಗಳು. ಐನೂರಕ್ಕೂ ಹೆಚ್ಚು ಮಂದಿ ಅಲ್ಲೇ ಮಣ್ಣಾದರು. ಚೀನಾದಲ್ಲಿ ಮೇಷ್ಟ್ರಾಗಿದ್ದ ಜೂಲಿಯನ್ ಕೆಲಸ ಬಿಟ್ಟು ಬಂದು ಸ್ಪೇನಿಗೆ ಹೊರಟ. ತಾಯಿಯ ಸಂಕಟ ನೋಡಲಾರದೆ ಸಿಪಾಯಿಯಾಗುವುದು ಬಿಟ್ಟು ಆಂಬುಲೆನ್ಸ್ ಚಾಲಕನಾದ. 1937ರ ಜುಲೈ 18ರಂದು ಬ್ರುನೆಟೆ ಕದನದಲ್ಲಿ ಬಾಂಬಿನ ಚೂರು ಬಡಿದು ಸತ್ತಾಗ ಅವನಿಗೆ 29.

ಹೋರಾಡುವುದಿಲ್ಲ ಎಂದವರು ಹೇಡಿಗಳೆಂದು ಬಗೆದಿದ್ದವರಿಗೆ ಈ ಹುಡುಗರ ಸಾವು ಅರ್ಥವಾಗಲಿಲ್ಲ. 275 ಮಂದಿ ಬೇಡವೆಂದದ್ದು ಅಪಾಯವನ್ನಲ್ಲ. ನಕಾಶೆ ನೋಡದ, ಸೋಲು ಒಪ್ಪದ, ಸತ್ತವರ ಲೆಕ್ಕ ಮುಚ್ಚಿಟ್ಟ ಹಿರಿಯರ ಕೈಗೆ ಇನ್ನೊಮ್ಮೆ ತಮ್ಮ ಜುಟ್ಟು ಕೊಡುವುದನ್ನು.

ಹಾಡಿಲ್ಲದೆ ಹೊರಟವರು

1939ರ ಮೇ ತಿಂಗಳಲ್ಲಿ ಬ್ರಿಟನ್ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಶಾಂತಿಕಾಲದಲ್ಲಿ ಕಡ್ಡಾಯ ಸೇವೆಯ ಕಾಯಿದೆ ತಂದಿತು. ಸೆಪ್ಟೆಂಬರ್ 3ರಂದು ಯುದ್ಧ ಸಾರಿದ ದಿನವೇ ಅದನ್ನು 18ರಿಂದ 41ರವರೆಗಿನ ಗಂಡಸರಿಗೆಲ್ಲ ವಿಸ್ತರಿಸಿತು. ಈ ಸಲ ಕರೆಯುವವರು ಕೆಲವು ಪಾಠ ಕಲಿತಿದ್ದರು. ಯಾರು ಮೊದಲು, ಯಾರು ಆಮೇಲೆ, ಯಾವ ಕಸುಬಿನವನನ್ನು ಕಾರ್ಖಾನೆಯಲ್ಲೇ ಉಳಿಸಬೇಕು ಎಂಬುದೆಲ್ಲ ಕಾಗದದ ಮೇಲಿತ್ತು. ಆತ್ಮಸಾಕ್ಷಿಯ ಕಾರಣ ಕೊಟ್ಟು ಹೆಸರು ನೋಂದಾಯಿಸಿದವರು ಸುಮಾರು 60,000, ಅಂದರೆ ಹಿಂದಿನ ಯುದ್ಧದ ಮೂರು ಪಟ್ಟಿಗೂ ಹೆಚ್ಚು. ಅವರಲ್ಲಿ ಯಾರಿಗೂ ಮರಣದಂಡನೆಯ ತೀರ್ಪು ಓದಲಿಲ್ಲ. ಎಷ್ಟೋ ಮಂದಿ ಹೊಲಗಳಲ್ಲಿ, ಆಸ್ಪತ್ರೆಗಳಲ್ಲಿ, ಬೆಂಕಿ ಆರಿಸುವ ಪಡೆಗಳಲ್ಲಿ ದುಡಿದರು, ಕೆಲವರು ಸಿಡಿಯದ ಬಾಂಬುಗಳನ್ನು ನಿಷ್ಕ್ರಿಯಗೊಳಿಸುವ ಕೆಲಸಕ್ಕೂ ಹೋದರು. ಊರಿಗೊಂದು ಗೆಳೆಯರ ಬೆಟಾಲಿಯನ್ ಕಟ್ಟುವ ಉಪಾಯವನ್ನು ಮತ್ತೆ ಯಾರೂ ಎತ್ತಲಿಲ್ಲ.

ಆಕ್ಸ್‌ಫರ್ಡಿನಲ್ಲಿ ನೇಮಕಾತಿ ಮಂಡಳಿ ಕುಳಿತಾಗ, 25ರೊಳಗಿನ ಅರ್ಹರು ಸುಮಾರು 3,000 ಮಂದಿ ಇದ್ದರು. ತಾವಾಗಿಯೇ ಮುಂದೆ ಬಂದವರು 2,632. ಬ್ಯಾಂಡು ಬಾರಿಸಲಿಲ್ಲ, ಹೂವು ಎರಚಲಿಲ್ಲ, ಕ್ರಿಸ್ಮಸ್ಸಿಗೆ ಮನೆಗೆ ಬರುತ್ತೇವೆಂದು ಯಾರೂ ಹೇಳಲಿಲ್ಲ. ಆರು ವರ್ಷದ ಹಿಂದಿನ ಆ ಗೊತ್ತುವಳಿಯೇ ಹಿಟ್ಲರನಿಗೆ ಕುಮ್ಮಕ್ಕು ಕೊಟ್ಟಿತೆಂದು ಚರ್ಚಿಲ್ ಮುಂದೆಯೂ ದೂರಿದ. ಇತಿಹಾಸಕಾರರು ಜರ್ಮನ್ ದಾಖಲೆಗಳನ್ನು ಜಾಲಾಡಿದಾಗ ಅದಕ್ಕೆ ಪುರಾವೆ ಸಿಗಲಿಲ್ಲ.

ಅಂದು ಗೊತ್ತುವಳಿ ಮಂಡಿಸಿದ ಡಿಗ್ಬಿ ಬೋರ್ನಿಯೊ ದ್ವೀಪದ ಸರವಾಕ್‌ನಲ್ಲಿ ಕಾನೂನು ಅಧಿಕಾರಿಯಾಗಿದ್ದಾಗ ಜಪಾನೀಯರಿಗೆ ಸೆರೆ ಸಿಕ್ಕು ಯುದ್ಧ ಮುಗಿಯುವವರೆಗೆ ಬಂದಿಶಿಬಿರದಲ್ಲಿದ್ದ. ವಿರೋಧಿಸಿದ ಹಾಗ್ ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಗಾಯಗೊಂಡ. ಮತಗಳು ಬೇರೆಯಾಗಿದ್ದರೂ ಯುದ್ಧ ಇಬ್ಬರನ್ನೂ ಬಿಡಲಿಲ್ಲ. ಮೇಷ್ಟ್ರು ಜೋಡ್, ಒಂದು ಕಾಲಕ್ಕೆ ಜೈಲಿಗೆ ಹೋಗಿ ಬಂದ ರಸೆಲ್, ಇಬ್ಬರೂ ಈ ಯುದ್ಧ ಬೇರೆ ಥರದ್ದು ಎಂದು 1940ರ ಹೊತ್ತಿಗೆ ಒಪ್ಪಿಕೊಂಡರು.

ಈಗಿನ ಹುಡುಗರಿಗೆ ದೇಶದ ಚಿಂತೆಯಿಲ್ಲ, ಮೈ ಬಗ್ಗಿಸುವ ಮನಸ್ಸಿಲ್ಲ ಎಂಬ ಮಾತನ್ನು ನಮ್ಮ ಜಗಲಿಗಳಲ್ಲೂ ಕೇಳುತ್ತಲೇ ಬಂದಿದ್ದೇವೆ. 2022ರ ಜೂನ್ 14ರಂದು ಕೇಂದ್ರ ಸರ್ಕಾರ ಸೇನಾ ಭರ್ತಿಯ ಅಗ್ನಿಪಥ ಯೋಜನೆ ಪ್ರಕಟಿಸಿತು. ನಾಲ್ಕು ವರ್ಷದ ಸೇವೆ, ಆಮೇಲೆ ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಮಾತ್ರ ಮುಂದುವರಿಕೆ. ಹಲವು ರಾಜ್ಯಗಳಲ್ಲಿ ಯುವಕರು ಬೀದಿಗಿಳಿದರು. ರೈಲಿಗೆ ಬೆಂಕಿ ಹಚ್ಚಿದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ಅವರಲ್ಲಿ ಬಹುಪಾಲು ಸೇನೆ ಬೇಡ ಎಂದವರಾಗಿರಲಿಲ್ಲ. ಸೇನೆ ಸೇರಲೆಂದೇ ವರ್ಷಗಟ್ಟಲೆ ನಸುಕಿನಲ್ಲಿ ಎದ್ದು ಓಡಿದ್ದವರು. ಕರಾರಿನ ಬಗ್ಗೆ ಕೇಳುತ್ತಿದ್ದರು. ಆ ಕರಾರು ಸರಿಯೋ ತಪ್ಪೋ ಎಂಬ ವಾದ ಬೇರೆ. ಕೇಳುವ ಹುಡುಗನನ್ನು ಹೇಡಿಯೆಂದೋ ದ್ರೋಹಿಯೆಂದೋ ಕರೆಯುವ ಮೊದಲು ಆಕ್ಸ್‌ಫರ್ಡಿನ ಆ ಪೆಟ್ಟಿಗೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು. 1914ರ ಹುಡುಗರಿಗೆ ಯಾರೂ ಲೆಕ್ಕ ಹೇಳಿರಲಿಲ್ಲ. 1933ರವರು ಲೆಕ್ಕ ಕೇಳಿದರು. 1939ರವರು ಲೆಕ್ಕ ಗೊತ್ತಿದ್ದೂ ಹೋದರು.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಎರಡನೇ ಯುದ್ಧಕ್ಕೆಂದು ಬೇರೆ ಸ್ಮಾರಕ ನಿಲ್ಲಿಸಿದ್ದು ಕಡಿಮೆ. 1914–18ರ ಕಲ್ಲಿನ ಕೆಳಗೆ ಉಳಿದಿದ್ದ ಜಾಗದಲ್ಲೇ ಹೊಸ ಹೆಸರುಗಳನ್ನು ಕೆತ್ತಿದರು. ಎಷ್ಟೋ ಕಲ್ಲುಗಳಲ್ಲಿ ಮೇಲೂ ಕೆಳಗೂ ಅದೇ ಮನೆತನದ ಹೆಸರಿದೆ.